ಮೂಲಪ್ರತಿಯ ಲೈಸೆನ್ಸಪ್ಪ

ಲೈಸೆನ್ಸಪ್ಪನೆಂದೇ ಕಚೇರಿಯವರು ಕರೆಯುವ ಈ ಕಂಪ್ಯೂಟರ್ ಉಸ್ತುವಾರಿ ನೋಡುವವರ ಸರ್ವರಿನಲ್ಲಿ, ಕಚೇರಿಯ ತಂತ್ರಾಂಶಗಳೆಲ್ಲ ಸೇರಿದ ಒಂದೇ ಒಂದು ಮೂಲಪ್ರತಿಯಿದೆ. ದಿನಾ ಬೆಳಿಗ್ಗೆ ಎಲ್ಲರ ಪರದೆಗೂ ಅದರ ನಕಲೇ ಇಳಿಯುತ್ತದೆ, ಅದರಲ್ಲಿಲ್ಲದ ತಂತ್ರಾಂಶ ಯಾರಿಗೂ ಸಿಗುವುದಿಲ್ಲ. ಹೊಸದು ಕೇಳಿದರೆ, “ಲೈಸೆನ್ಸ್ ಏನು ನಮ್ಮಪ್ಪನ ಗಂಟಾ?” ಎನ್ನುತ್ತಾರೆ. ಲಾಗೌಟ್ ಮಾಡದೆ, ಲೈಸೆನ್ಸ್ ಹಿಡಿದಿಟ್ಟುಕೊಂಡೇ ಊಟಕ್ಕೆ ಹೋದವರನ್ನು, ಬಸ್ಸಿನ ಸೀಟಿಗೆ ಟವೆಲ್ ಹಾಕಿ ಮಾಯವಾದವರನ್ನು ಕಂಡಂತೆ ಗದರುತ್ತಾರೆ. ಮೊನ್ನೆ ಮೇಲಧಿಕಾರಿ, “ಆ ಪರದೆ ಓದಿ ಹೇಳೋ ತಂತ್ರಾಂಶ ತೆಗೆದುಬಿಡಿ. ಒಬ್ರಿಗೋಸ್ಕರ ಇಡೀ ಕಚೇರಿಗೆ ಲೈಸೆನ್ಸ್ ಯಾಕೆ?” ಎಂದರು. ಆ ಒಬ್ಬರು ಕಣ್ಣು ಕಾಣದ ಟೈಪಿಸ್ಟ್ ಅಕ್ಕ. ಅದಿಲ್ಲದೆ ಅವರಿಗೆ ಕೆಲಸವೇ ಇಲ್ಲ. ಲೈಸೆನ್ಸಪ್ಪ ಮೌಸನ್ನು ಮೇಲಧಿಕಾರಿಯತ್ತ ಸರಿಸಿದರು. “ನೀವೇ ತೆಗೀರಿ ಸಾರ್. ನಾಳೆಯಿಂದ ಅಕ್ಕನ ಪಕ್ಕ ಕೂತು ಓದಿ ಹೇಳೋಕೆ ನಿಮಗೊಂದು ಕುರ್ಚಿನೂ ಹಾಕಿಸ್ತೀನಿ.” ಮೇಲಧಿಕಾರಿ ಮೌಸ್ ಮುಟ್ಟಲಿಲ್ಲ.