ಭಾವನ ದೋಣಿ

ನಮ್ಮ ಭಾವನವರ ಬಲಗೈ ಹೆಬ್ಬೆರಳಿನ ಉಗುರು ಎತ್ತಿನ ಕೊಂಬಿನ ಹಾಗೆ ಕಪ್ಪಾಗಿ, ದಪ್ಪವಾಗಿ ಬೆಳೆದಿತ್ತು. ಹಳೆಯ ಮರ ಕಂಡಲ್ಲಿ ಆ ಉಗುರನ್ನು ಒತ್ತಿ ನೋಡುವುದು ಅವರ ಚಟ. ನಮ್ಮ ಮನೆಗೆ ಬಂದರೂ ಬಾಗಿಲವಾಡವನ್ನು ಒತ್ತಿಯೇ ಒಳಗೆ ಬರುತ್ತಿದ್ದರು. "ಇನ್ನೂ ಗಟ್ಟಿ ಐತೆ ಮಾವ, ಈ ವರ್ಷ ಬೀಳಲ್ಲ," ಎನ್ನುವರು. ನಮ್ಮ ತಂದೆ ನಗುವರು. ಆ ಬಾಗಿಲವಾಡ ನಿಲ್ಲಿಸಿದವನು ನಾನು. ಅದು ಯಾರಿಗೂ ನೆನಪಿರುತ್ತಿರಲಿಲ್ಲ.

ಅವರು ನನ್ನ ಅಕ್ಕನ ಗಂಡ. ಹರಿಹರದ ಕಡೆ, ಹೊಳೆಯ ಮೇಲೆ ಹಲಗೆ ದೋಣಿ ನಡೆಸಿ ಬೆಳೆದವರು. ನಾವು ಹಿರಿಯೂರಿನ ಬೆಸ್ತರು, ವೇದಾವತಿಯ ಮಡುಗಳಲ್ಲಿ ತೊಗಲಿನ ಹರಿಗೋಲು ಬಿಟ್ಟು ಬಲೆ ಹಾಕಿದವರು. ಮಾರಿಕಣಿವೆಯಲ್ಲಿ ಅಣೆಕಟ್ಟೆ ಕಟ್ಟುವಾಗ ನಾನು ಕಲ್ಲು ಕೆಲಸದಲ್ಲಿದ್ದೆ. ಗಂಟೆ ಹೊಡೆದರೆ ಕೆಲಸ, ಗಂಟೆ ಹೊಡೆದರೆ ಊಟ. ಆ ಶಿಸ್ತು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಕಣಿವೆಯಲ್ಲಿ ನೀರು ನಿಂತ ಮೇಲೆ ನಾವು ಹಿನ್ನೀರಿನ ದಡಕ್ಕೆ ಬಂದು ನೆಲೆಸಿದೆವು. ಅಕ್ಕ, ಭಾವ ಕೂಡ ಬಂದರು. ಭಾವ ಬಿಸಿಲೇರಿದ ಮೇಲೆ ಏಳುವರು, ಬಲೆಯನ್ನು ಉಂಡೆ ಸುತ್ತಿ ಮೂಲೆಗೆ ಎಸೆಯುವರು, ಯಾರದೋ ಹರಿಗೋಲು ಹತ್ತಿ ಹೋಗುವರು. ಆದರೂ ಅವರಿಗೆ ಮೀನು ಬೀಳುತ್ತಿತ್ತು. ನಮ್ಮ ತಾಯಿ ಅವರ ಮುದ್ದೆಗೆ ತುಪ್ಪ ಹಾಕುವಾಗ ನನ್ನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಆ ದೊಡ್ಡ ನೀರಿನಲ್ಲಿ ಗಾಳಿ ಎದ್ದರೆ ಹರಿಗೋಲು ನಿಂತಲ್ಲೇ ಗಿರಗಿರ ತಿರುಗುತ್ತಿತ್ತು. ನನ್ನದೇ ಒಂದು ಹಲಗೆ ದೋಣಿ ಬೇಕು, ದಡದವರು ದೂರದಿಂದ ಕಂಡು 'ಇವನದು ಬಂತು' ಎನ್ನಬೇಕು ಎಂಬ ಆಸೆ ಹುಟ್ಟಿತು.

ಹಿರಿಯೂರಿನ ಮರದ ವ್ಯಾಪಾರಿ ಸಾಹೇಬರೊಬ್ಬರ ಅಂಗಡಿಯ ಹಿಂದೆ ಹಳೆಯ ದೋಣಿಯೊಂದು ಬೇಸಿಗೆಯುದ್ದಕ್ಕೂ ಮಾರಾಟಕ್ಕೆ ಬಿದ್ದಿತ್ತು. ಅದು ಎಲ್ಲಿಂದ ಬಂತು, ಯಾರು ನಡೆಸಿದರು, ಯಾಕೆ ಮಾರಿದರು ಎಂದು ಮೊದಲು ಸಂತೆಯಲ್ಲಿ ವಿಚಾರಿಸಿದೆ. ಆಮೇಲೆ ಹೋಗಿ ಮುಂತುದಿಯಿಂದ ಹಿಂತುದಿಯವರೆಗೆ ಒಂದೊಂದೇ ಹಲಗೆ ತಟ್ಟಿ ನೋಡಿದೆ. ಡಾಂಬರು ಫಳಫಳ ಹೊಳೆಯುತ್ತಿತ್ತು. ಕೊನೆಗೆ ಕಲ್ಲುಗಳ ಮೇಲೆ ಎತ್ತಿಡಿಸಿ ಒಳಗೆ ನೀರು ಹೊಯ್ದೆ.

"ಏನಪ್ಪ, ನೀರಾಗೆ ದೋಣಿ ಬಿಡ್ತಾರೋ, ದೋಣಿಯಾಗೆ ನೀರು ಬಿಡ್ತಾರೋ?" ಎಂದು ಸಾಹೇಬರು ನಕ್ಕರು.

ಹರಿಗೋಲು ಕೊಳ್ಳುವಾಗ ನಾವು ಮಾಡುವುದು ಹಾಗೆಯೇ. ಒಳಗೆ ನೀರು ಹೊಯ್ದು, ಹೊರಗೆ ತೊಗಲು ಒದ್ದೆಯಾದರೆ ಅದನ್ನು ಮತ್ತೆ ಮುಟ್ಟುವುದಿಲ್ಲ. ಈ ದೋಣಿ ಎಲ್ಲ ಸಂದುಗಳಿಂದಲೂ ಸುರಿಯಿತು. ಬೇಡವೆಂದು ಹೇಳಿ ಮನೆಗೆ ಬಂದೆ. ತಂದೆ ನನ್ನ ಮಾತು ಪೂರ್ತಿ ಕೇಳಲಿಲ್ಲ. "ತಡಿಯೋ, ಅಳಿಯಂದ್ರು ಒಂದ್ಸಲ ನೋಡ್ಲಿ," ಎಂದುಬಿಟ್ಟರು.

ಭಾವ ಬಂದವರೇ ಮತ್ತೆ ಅದರ ತುಂಬ ನೀರು ಹೊಯ್ಸಿದರು. ಮತ್ತೆ ಸುರಿಯಿತು.

"ಸೋರ್ತೈತಲ್ಲ ಭಾವ," ಎಂದೆ. ಒಳಗೊಳಗೇ ಸಂತೋಷವಾಗಿತ್ತು.

"ಸೋರ್ಲಿ ಬಿಡ್ಲೇ. ಬೇಸಿಗೆಯೆಲ್ಲ ಬಾಯಾರಿ ಕುಂತೈತೆ, ಒಂದೀಟು ಕುಡೀಲಿ. ಇದೇನು ನಿಮ್ಮ ಎಮ್ಮೆ ತೊಗಲಾ? ಮರ ಕಣ್ಲೇ! ಸಾಹೇಬ್ರೆ, ಇಳಿದಂಗೆಲ್ಲ ಹೊಯ್ಸ್ತಾ ಇರ್ರಿ. ನಡಿಯೋ, ನಾಳೆ ಬರಾಣ."

ನೆಂಟರ ಮನೆಯಲ್ಲಿ ಉಳಿದು ಮರುದಿನ ಹೋದಾಗ ಹಲಗೆಗಳು ಉಬ್ಬಿ ಸಂದುಗಳು ಬಿಗಿದುಕೊಂಡಿದ್ದವು. ನೀರು ಒಳಗೇ ನಿಂತಿತ್ತು. ಹಿಂಬದಿಯಲ್ಲಿ ಒಂದೇ ಕಡೆ ಡಾಂಬರಿನ ಅಡಿಯಿಂದ ಇನ್ನೂ ತೊಟ್ಟಿಕ್ಕುತ್ತಿತ್ತು. ಭಾವ ಅಲ್ಲಿ ಹೆಬ್ಬೆರಳು ಒತ್ತಿದರು. ಬೆಂದ ಗೆಣಸಿಗೆ ಇಳಿದಂತೆ ಉಗುರು ಇಳಿಯಿತು.

"ಇದೊಂದು ಹಲಗೆ ಸತ್ತೈತೆ. ಬ್ಯಾರೆ ಹಾಕ್ಸಿಕೊಡ್ರಿ ಸಾಹೇಬ್ರೆ, ನಿಮ್ಮಂಗಡ್ಯಾಗೆ ಮರಕ್ಕೇನು ಬರವಾ?"

"ಹಾಕ್ಸಿಕೊಡ್ತೀನಿ ಮಾರಾಯ. ನಮ್ಮಂಗಡಿ ಕಂಬ ಮಾತ್ರ ಒತ್ತಬ್ಯಾಡ, ಬಿದ್ದೀತು!"

ಭಾವ ನನ್ನ ಬೆನ್ನು ತಟ್ಟಿ, "ತಗಳ್ಲೇ, ನಿನ್ನ ದೋಣಿ," ಎಂದರು.

ಹಸಿ ಗೋಣಿ ಹೊದಿಸಿ ಗಾಡಿಯ ಮೇಲೆ ತಂದೆವು. ನೀರಿಗಿಳಿಸಿದ ದಿನವೇ ದಡದವರು "ಭಾವ ಆರಿಸಿದ ದೋಣಿ" ಎಂದರು. ಅವರನ್ನು ಕೇರಿಯವರೆಲ್ಲ ಭಾವ ಎಂದೇ ಕರೆಯುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಅದು "ಭಾವನ ದೋಣಿ"ಯಾಗಿತ್ತು. ನಾನು ಕತ್ತಲಿರುವಾಗಲೇ ಎದ್ದು ಮೀನು ಹಿಡಿದು ತಂದರೆ, ಕೊಳ್ಳುವ ಹೆಂಗಸರು "ಭಾವನ ದೋಣಿ ಬಂತು, ಬರ್ರೇ!" ಎಂದು ಕೂಗುವರು. ಭಾವ ಆಗ ಕಂಬಳಿಯೊಳಗಿಂದ ಎದ್ದೂ ಇರುತ್ತಿರಲಿಲ್ಲ. ಸಂದಿಗೆ ನಾರು ತುರುಕಿ ರಾಳ ಹಚ್ಚಿದವನು ನಾನು. ಹುಟ್ಟಿನ ಹಿಡಿ ಸವೆದದ್ದು ನನ್ನ ಅಂಗೈಗೆ. ಒಮ್ಮೆ ನನ್ನ ಹೆಂಡತಿಯೂ ಬಾಯಿ ತಪ್ಪಿ "ಭಾವನ ದೋಣಿ" ಎಂದಳು. ಹೊತ್ತು ತಪ್ಪದೆ ಉಣ್ಣುವ ನಾನು ಅವತ್ತು ಉಣ್ಣಲಿಲ್ಲ.

ಕೊನೆಯ ವರ್ಷ ಭಾವನ ಕಾಲು ಬಾತು, ಜಗುಲಿಯೇ ಅವರ ಜಾಗವಾಯಿತು. ಸಂಜೆ ನಾನು ಬಲೆ ಒಣಹಾಕಿ ಆ ದಾರಿಯಲ್ಲಿ ಬಂದರೆ ತಪ್ಪದೆ ಕೂಗುವರು. "ಏನ್ಲೇ, ನಿನ್ನ ದೋಣಿ ಹೆಂಗೈತೆ?"

"ಐತೆ ಭಾವ," ಎಂದಷ್ಟೇ ಹೇಳಿ ಮುಂದೆ ನಡೆಯುತ್ತಿದ್ದೆ.

ಅವರು ತೀರಿಕೊಂಡ ಮೇಲೆ, ಮೊದಲ ಸಲ ನೀರಿಗಿಳಿದು ಬಂದ ಸಂಜೆ, ಆ ಜಗುಲಿಯ ಮುಂದೆ ಕಾಲು ತಾನಾಗಿ ನಿಂತಿತು. ಯಾರೂ ಕೂಗಲಿಲ್ಲ.

ದಡದಲ್ಲಿ ಅದು ಇಂದಿಗೂ ಭಾವನ ದೋಣಿಯೇ. ಇಂದಿಗೂ ಕೇಳಿದರೆ ನನ್ನ ಹೊಟ್ಟೆ ಉರಿಯುತ್ತದೆ. ಬೇಸಿಗೆಯಲ್ಲಿ ದಡಕ್ಕೆಳೆದಾಗ ಅದಕ್ಕೆ ನೀರು ಕುಡಿಸುವುದನ್ನು ಮಾತ್ರ ಒಂದು ದಿನವೂ ತಪ್ಪಿಸುವುದಿಲ್ಲ. ಅದನ್ನು ನನ್ನ ದೋಣಿ ಎಂದು ಕರೆಯುತ್ತಿದ್ದವರು ಇಡೀ ಕೇರಿಯಲ್ಲಿ ಅವರೊಬ್ಬರೇ.