ಇಲಿ ತಿಂದ ಭೂಗೋಳ

ಮೈದಾ ಅಂಟಿನ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ಹೊಟ್ಟೆಕಿಚ್ಚಾಗುತ್ತದೆ. ಮೊನ್ನೆ ತಿಪಟೂರಿನ ಬಸ್ ಸ್ಟ್ಯಾಂಡಿನಲ್ಲಿ ಪೋಸ್ಟರ್ ಅಂಟಿಸುವವರು ಬಕೆಟ್ಟಿನಲ್ಲಿ ಅದನ್ನು ಕಲಕುತ್ತಿದ್ದರು. ನಾನು ಹತ್ತಬೇಕಿದ್ದ ಹಾಲ್ಕುರಿಕೆಯ ಬಸ್ಸು ಹೊರಟುಹೋದರೂ ನಾನು ನೋಡುತ್ತಲೇ ನಿಂತಿದ್ದೆ. ಹೊನ್ನವಳ್ಳಿಯಲ್ಲಿ ನಮ್ಮದೊಂದು ದೊಡ್ಡ ಮನೆಯಿತ್ತು. ಹಜಾರದ ಮೇಲೆ ಕೊಬ್ಬರಿ ಅಟ್ಟ, ಅಟ್ಟದ ತುಂಬ ಒಣಗುತ್ತಿದ್ದ ಕಾಯಿ, ಕೆಳಗೆ ಮೇಜಿನ ಮೇಲೆ ಅಜ್ಜನ ಭೂಗೋಳ, ಕೈಯಲ್ಲಿ ತಿರುಗಿಸುವ ಗ್ಲೋಬು. ಮೇಷ್ಟರಾಗಿದ್ದ ಅಜ್ಜನಿಗೆ ಅದನ್ನು ಅವರ ಗುರುಗಳು ಕೊಟ್ಟಿದ್ದರು. ಅಜ್ಜ ಹುಟ್ಟುವ ಮೊದಲೇ ಯಾವುದೋ ಪರದೇಶದಲ್ಲಿ ತಯಾರಾದದ್ದು. ವಾರ್ನಿಷ್ ಹಳದಿಗಟ್ಟಿ ಸಮುದ್ರಗಳೆಲ್ಲ ಬೆಲ್ಲದ ನೀರಿನ ಬಣ್ಣಕ್ಕೆ ತಿರುಗಿದ್ದವು. ಎಂದೋ ಅಳಿದುಹೋದ ರಾಜ್ಯಗಳು ಅದರ ಮೇಲೆ ಇನ್ನೂ ಹಾಯಾಗಿದ್ದವು. ತಿರುಗಿಸಿದರೆ ಒಳಗೆ ಗಿಲಕ್ ಎನ್ನುತ್ತಿತ್ತು. ಒಂದು ಕಡೆಗೆ ವಾಲದಿರಲೆಂದು ಒಳಗೆ ಸೀಸದ ಗುಂಡುಗಳ ಚೀಲ ಇಟ್ಟಿರುತ್ತಾರೆ ಎಂದು ಅಜ್ಜ ವಿವರಿಸುತ್ತಿದ್ದರು. ಅಜ್ಜಿಗೆ ಮಾತ್ರ ಅದು ಚಿಪ್ಪಿನೊಳಗೆ ಒಣಗಿದ ಕೊಬ್ಬರಿಯ ಸದ್ದು. "ನಿಮ್ ಕಾಯಿ ಒಡೆಯೋಕೆ ಬಂದೈತೆ ಕಣ್ರೀ," ಎಂದು ರೇಗಿಸುತ್ತಿದ್ದಳು.

ಒಂದು ಆಯುಧಪೂಜೆಯ ದಿನ ಅಜ್ಜಿ ಮಚ್ಚು, ಕುಡುಗೋಲಿಗೆ ಹಚ್ಚಿದಂತೆ ಭೂಗೋಳಕ್ಕೂ ಅಂಗೈ ತುಂಬ ಕೊಬ್ಬರಿ ಎಣ್ಣೆ ತೀಡಿ ಕುಂಕುಮ ಇಟ್ಟಳು. ನಮ್ಮ ಕಡೆ ಏನು ಮಂಕಾದರೂ ಅದೊಂದೇ ಮದ್ದು. ಖಂಡಗಳೆಲ್ಲ ಫಳಫಳ ಹೊಳೆದವು. ವಾರ ಕಳೆಯುವುದರೊಳಗೆ ಅಟ್ಟದ ಇಲಿಗಳು ಕೊಬ್ಬರಿ ಬಿಟ್ಟು ಕೆಳಗಿಳಿದು, ಆಫ್ರಿಕಾದಿಂದ ನಮ್ಮ ಕರಾವಳಿಯವರೆಗೆ ಕಾಗದ ಕೆರೆದು ತಿಂದಿದ್ದವು. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಳು. "ಹೋಗ್ಲಿ ಬುಡು, ನಾವೇ ಮಾಡಾನ," ಎಂದರು ಅಜ್ಜ. ನಕ್ಷೆಯನ್ನು ಇಡಿಯಾಗಿ ಗೋಳಕ್ಕೆ ಹೊದಿಸಿದರೆ ಸುಕ್ಕು ಬೀಳುತ್ತದಂತೆ. ಅದಕ್ಕೇ ಹಿಂದಿನವರು ಭೂಮಿಯನ್ನು ಎರಡು ತುದಿಗೂ ಚೂಪಾದ ಎಸಳುಗಳಾಗಿ ಅಚ್ಚುಹಾಕಿ, ನೆನೆಸಿ, ಗಾರೆ ಬಳಿದ ಕಾಗದದ ಚೆಂಡಿನ ಮೇಲೆ ಒಂದರ ಪಕ್ಕ ಒಂದರಂತೆ ಕೂರಿಸುತ್ತಿದ್ದರಂತೆ. ಬಣ್ಣ ತುಂಬುವುದಕ್ಕೆ ಹೆಂಗಸರು ಇರುತ್ತಿದ್ದರಂತೆ. ಅದನ್ನು ಕೇಳಿದ್ದೇ ತಡ, ಈ ಕೆಲಸ ನನ್ನದೇ ಎಂದು ನಾನು ತೀರ್ಮಾನಿಸಿಬಿಟ್ಟೆ.

ಅಜ್ಜ ಕರೆದದ್ದು ದೊಡ್ಡಪ್ಪನ ಮಗಳು ಗಿರಿಜೆಯನ್ನು. "ನಿನ್ ಕೈ ಬೆವರ್ತದೆ ಕಣವ್ವ, ಕಾಗ್ದ ಕೆಡ್ತದೆ. ನೀನು ಅಂಟು ಕಾಯಿಸ್ಕೊಡು," ಎಂದರು ನನಗೆ. ಒಲೆಯ ಮುಂದೆ ಕೂತು, ಹುಳ ಬೀಳದಿರಲೆಂದು ಮೈಲುತುತ್ತ ಬೆರೆಸಿದ ಮೈದಾ ಕಲಕಿದೆ. ತಂದುಕೊಟ್ಟು ಬಾಗಿಲ ಬಳಿ ನಿಂತು ನೋಡಿದೆ. ಅಜ್ಜ ಕತ್ತರಿಸಿ ನೀಲಿ ಬಣ್ಣ ಬಳಿದಿದ್ದ ಒದ್ದೆ ಕಾಗದದ ಎಸಳನ್ನು ಗಿರಿಜೆ ಗೋಳದ ಮೇಲಿಟ್ಟಳು. ಅಜ್ಜ ಅವಳ ಕೈಮೇಲೆ ತಮ್ಮ ಕೈಯಿಟ್ಟು, ನಡುವಿನಿಂದ ತುದಿಯವರೆಗೆ ಮೆಲ್ಲಗೆ ಒತ್ತಿಸಿದರು. ಗಿರಿಜೆ ನನ್ನ ಓರಗೆಯವಳು, ನನ್ನ ಜೊತೆ ಒಂದೇ ತಟ್ಟೆಯಲ್ಲಿ ಉಂಡವಳು. ಆ ಎಸಳು ಚರ್ರನೆ ಹರಿಯಲಿ ಎಂದು ಎಷ್ಟು ಬೇಡಿಕೊಂಡೆನೋ. ಹರಿಯಲಿಲ್ಲ. ಅವಳ ಮದುವೆಯಲ್ಲಿ ಅಜ್ಜ ಗೋಳವನ್ನು ಅವಳಿಗೇ ಕೊಟ್ಟರು. ನನ್ನ ಮದುವೆಯಲ್ಲಿ ನನಗೆ ರೇಷ್ಮೆ ಸೀರೆ ಬಂತು, ಚೆನ್ನಾಗಿಯೇ ಇತ್ತು.

ಅಜ್ಜ ಹೋದರು, ಹಿಂದೆಯೇ ಅಜ್ಜಿಯೂ. ಪಾಲಾದ ಮನೆಯನ್ನು ಕೆಡವಿದರು. ಹಜಾರವಿದ್ದ ಕಡೆ ಈಗ ಯಾರದೋ ಟ್ರ್ಯಾಕ್ಟರ್ ನಿಲ್ಲುತ್ತದೆ. ನಿಮಗೂ ಇಂಥದ್ದೊಂದು ಹಜಾರ ಇದ್ದಿರಬೇಕು, ಅಲ್ಲಿ ನಿಮ್ಮನ್ನು ಬಿಟ್ಟು ಬೇರೆಯವರನ್ನು ಹತ್ತಿರ ಕರೆದವರೂ ಇದ್ದಿರಬೇಕು.

ಮೊನ್ನೆ ಬಸ್ಸು ತಪ್ಪಿದ್ದರಿಂದ ತಿಪಟೂರಿನಲ್ಲೇ ಇರುವ ಗಿರಿಜೆಯ ಮನೆಗೆ ಹೋದೆ. ಗೋಳ ಫ್ರಿಜ್ಜಿನ ಮೇಲಿತ್ತು.

"ಬಂದಾಗ್ಲೆಲ್ಲ ಅದ್ನೇ ನೋಡ್ತೀಯ. ತಗೊಂಡೋಗೇ, ನಂಗೆ ಧೂಳು ಒರ್ಸೋದೇ ಕೆಲ್ಸ ಆಗೈತೆ," ಎಂದಳು.

ತೇಪೆ ಹಾಕಿದ ಅರಬ್ಬೀ ಸಮುದ್ರದ ಮೇಲೆ ಬೆರಳಿಟ್ಟೆ. "ಅಜ್ಜ ನಿನ್ನ ಕೈ ಹಿಡಿದು ಅಂಟಿಸಿದ್ದು ಇಲ್ಲೇ ಅಲ್ವಾ?"

"ನಾನಾ? ಏನೂ ಗ್ಯಾಪ್ಕ ಇಲ್ಲ ಕಣೇ," ಎಂದು ನಕ್ಕು ಕಾಫಿಗೆ ಹಾಲಿಡಲು ಹೋದಳು.

ಸುಳ್ಳಲ್ಲ, ಅವಳಿಗೆ ನಿಜವಾಗಿಯೂ ನೆನಪಿರಲಿಲ್ಲ. ಅಜ್ಜನ ಪಕ್ಕ ಕೂತ ಒಂದು ಮಧ್ಯಾಹ್ನವನ್ನು ಹೀಗೆ ಮರೆತುಬಿಡುವಷ್ಟು ಅಂಥ ಮಧ್ಯಾಹ್ನಗಳು ಸಿಕ್ಕಿದ್ದವು ಅವಳಿಗೆ. ಅಂದಿಗಿಂತಲೂ ಹೆಚ್ಚು ಹೊಟ್ಟೆ ಉರಿಯಿತು. ಗೋಳ ಬೇಡವೆಂದೆ. ಅಜ್ಜನ ಆ ಮಧ್ಯಾಹ್ನವನ್ನು ಕಾಪಾಡಿಕೊಂಡು ಬಂದವಳು ನಾನು. ಆದರೆ ಅದು ಅವಳದು.