ಮಿಲ್ಲಿನಲ್ಲಿ ಅಕ್ಕೋರು ಇಟ್ಟ ಪರೀಕ್ಷೆ

ಮೊನ್ನೆ ಹಳೆಯ ಕೀಬೋರ್ಡೊಂದನ್ನು ಬೋರಲು ಹಾಕಿ ಬಡಿದೆ. ಅಕ್ಷರಗಳ ಸಂದಿಯಿಂದ ಮೇಜಿನ ಮೇಲೆ ತೌಡು ಉದುರಿತು. ಗಂಗಾವತಿಯ ಅಕ್ಕಿ ಮಿಲ್ಲುಗಳಲ್ಲಿ ಕೆಲಸ ಮಾಡಿದವರಿಗೆ ಇದೇನೂ ಹೊಸದಲ್ಲ. ಇಲ್ಲಿ ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿಗಿಂತ ಮೊದಲು ತೌಡು ಹೋಗಿ ಕೂತಿರುತ್ತದೆ. ಆದರೆ ಆ ಸಿಹಿಸಿಹಿಯಾದ, ಸ್ವಲ್ಪ ಮುಗ್ಗಲಾದ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಕಂಪ್ಯೂಟರ್ ಅಕ್ಕೋರು ನೆನಪಾದರು. ಕೆಲಸ ಬಿಟ್ಟು ಸುಮ್ಮನೆ ಕೂತೆ...

ನಮ್ಮ ಕಡೆ ಪಾಠ ಹೇಳುವ ಹೆಣ್ಣುಮಕ್ಕಳನ್ನು ಅಕ್ಕೋರು ಎನ್ನುವುದು ವಾಡಿಕೆ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಒಂದು ಮಹಡಿಯ ಮೇಲೆ ಅವರ ತರಬೇತಿ ಕೇಂದ್ರವಿತ್ತು. ನಾನು ಹುಲಿಹೈದರದಿಂದ ಬಸ್ಸು ಹತ್ತಿ ಬಂದು ಅಲ್ಲಿ ಕಲಿತವಳು. ಮುಂದೆ ಪಾಲಿಟೆಕ್ನಿಕ್ ಮುಗಿಸಿ ಬಂದು, ಅಲ್ಲೇ ಸಣ್ಣವರಿಗೆ ವೆಬ್ ಪ್ರೋಗ್ರಾಮಿಂಗ್ ಹೇಳಿಕೊಡುತ್ತಿದ್ದೆ. ಅಕ್ಕೋರು ಕಲಿಸುತ್ತಿದ್ದದ್ದು ಡೆಸ್ಕ್‌ಟಾಪಿನ ಹಳೆಯ ಭಾಷೆ. ಅದರಲ್ಲಿ ಅವರದು ಎತ್ತಿದ ಕೈ. ತಪ್ಪು ಮಾಡಿದರೆ ಬೈಯುತ್ತಿರಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಕೂತು, "ಹೂಂ, ಯಾಕ ಹಿಂಗ ಬರದಿ, ಹೇಳು," ಎನ್ನುತ್ತಿದ್ದರು. ಅದಕ್ಕಿಂತ ಬೈಸಿಕೊಳ್ಳುವುದೇ ವಾಸಿ ಅನಿಸುತ್ತಿತ್ತು.

ಅದೇ ಭಾಷೆಯಲ್ಲಿ ಅವರು ಊರಿನ ಒಂದು ಮಿಲ್ಲಿಗೆ ಪ್ರೋಗ್ರಾಂ ಬರೆದುಕೊಟ್ಟಿದ್ದರು. ಗೇಟಿಗೆ ಬಂದ ಲಾರಿ, ಇಳಿದ ಭತ್ತ, ಹೊರಗೆ ಹೋದ ಅಕ್ಕಿ ಎಲ್ಲವೂ ಒಂದೇ ಕಂಪ್ಯೂಟರಿನಲ್ಲಿ. ವರ್ಷಗಟ್ಟಲೆ ತಕರಾರಿಲ್ಲದೆ ಓಡಿತು. ಅಷ್ಟರಲ್ಲಿ ಸಾಹುಕಾರರ ವ್ಯವಹಾರ ಬೆಳೆಯಿತು. ಗಂಗಾವತಿಯಲ್ಲೇ ಇನ್ನೊಂದು ಮಿಲ್ಲು, ಕುಷ್ಟಗಿಯಲ್ಲಿ ಗೋದಾಮು, ಯಲಬುರ್ಗಾದಲ್ಲಿ ಅಕ್ಕಿ ಅಂಗಡಿ ಆದವು. ಒಂದೊಂದರ ಸ್ಟಾಕೂ ಎಲ್ಲ ಕಡೆ ಕಾಣಬೇಕು ಎಂದಾಯಿತು. ಹೊಸ ಅಪ್ಲಿಕೇಶನ್ನನ್ನು ಯಾವ ತಂತ್ರಜ್ಞಾನದಲ್ಲಿ ಮಾಡಿಸುವುದೆಂದು ತೀರ್ಮಾನಿಸುವ ಭಾರವನ್ನು ಸಾಹುಕಾರರು ಅಕ್ಕೋರ ಮೇಲೆ ಹಾಕಿದರು.

ಅಕ್ಕೋರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆಯೂ ಆಗಿತ್ತು. ಎಲ್ಲರ ಕೈಗೂ ಮೊಬೈಲ್ ಬಂದಮೇಲೆ ಕೇಂದ್ರದ ಬೆಂಚುಗಳು ಖಾಲಿ ಹೊಡೆಯುತ್ತಿದ್ದವು. ತಮ್ಮ ಪ್ರೋಗ್ರಾಮನ್ನೇ ದೊಡ್ಡದು ಮಾಡಿಕೊಡುತ್ತೇನೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು, ಕೆಲಸ ಅವರದೇ, ಕೇಂದ್ರವೂ ಉಳಿಯುತ್ತಿತ್ತು. ಅವರು ಮಾತ್ರ ತಮ್ಮದನ್ನೂ ಸೇರಿಸಿ ಎಲ್ಲಕ್ಕೂ ಪರೀಕ್ಷೆ ಇಟ್ಟೇ ಇಡುತ್ತೇನೆಂದು ಹಟ ಹಿಡಿದರು.

"ನಿಮ್ದು ಛಲೋ ಓಡಾಕತ್ತೈತಲ್ರಿ ಅಕ್ಕೋರ. ಅದನ್ನ ಎಲ್ಲಾ ಕಡಿ ಹಾಕಿಬಿಡ್ರಿ. ಪರೀಕ್ಷಾ ಯಾಕ?" ಎಂದರು ಸಾಹುಕಾರರು.

"ನಿಮ್ಮ ಮಾವನ ಹೊಲದ ಭತ್ತ ಬಂದ್ರ, ಹಲ್ಲಿಲೆ ಕಡದು ನೋಡದ ಇಳಿಸ್ಕೊಂತೀರೇನ್ರಿ ಸಾವ್ಕಾರ್ರ?" ಎಂದರು ಅಕ್ಕೋರು.

ಸಾಹುಕಾರರು ನಕ್ಕುಬಿಟ್ಟರು. ಮಿಲ್ಲಿನ ಅಂಗಳದಲ್ಲಿ ಯಾರ ಭತ್ತವೇ ಬರಲಿ, ಅಂಗೈಯಲ್ಲಿ ತಿಕ್ಕಿ, ಕಾಳು ಕಡಿದು, ಹಸಿ ಎಷ್ಟಿದೆ, ಅಕ್ಕಿ ನುಚ್ಚಾಗುತ್ತದೋ ಹೇಗೆ ಎಂದು ನೋಡಿಯೇ ಮುಂದಿನ ಮಾತು. ಬೀಗರೆಂದು ಬಿಟ್ಟರೆ ಮಿಲ್ಲು ನಡೆಯುವುದಿಲ್ಲ.

ಪರೀಕ್ಷೆ ನಡೆದದ್ದು ಗೇಟಿನ ಪಕ್ಕದ ಧೂಳು ತುಂಬಿದ ಕೋಣೆಯಲ್ಲಿ. ನಗರದ ಒಂದು ಕಂಪನಿಯ ಸಿದ್ಧ ಸಾಫ್ಟ್‌ವೇರು, ಬ್ರೌಸರಿನಲ್ಲಿ ಓಡುವಂತೆ ನಾನು ಜಾವಾಸ್ಕ್ರಿಪ್ಟಿನಲ್ಲಿ ಬರೆದ ಒಂದು ಸಣ್ಣ ನಮೂನೆ, ಆಮೇಲೆ ಅಕ್ಕೋರದೇ ಹಳೆಯ ಪ್ರೋಗ್ರಾಂ. ಪ್ರಶ್ನೆ ಎಲ್ಲರಿಗೂ ಒಂದೇ. ಲಾರಿ ಬಂದದ್ದನ್ನು ಇಲ್ಲಿ ಬರೆಸಬೇಕು, ಕುಷ್ಟಗಿಯಲ್ಲಿ ಅದು ಕಾಣಬೇಕು.

ಕಂಪನಿಯವರು ಇಸ್ತ್ರಿ ಅಂಗಿ ತೊಟ್ಟು ಬಂದಿದ್ದರು. ತೆರೆಯ ಮೇಲೆ ಬಣ್ಣಬಣ್ಣದ ನಕ್ಷೆಗಳು. ಅಕ್ಕೋರು ಮೆಚ್ಚಿ ತಲೆಯಾಡಿಸುತ್ತಲೇ ಎದ್ದು ಹೋಗಿ ಇಂಟರ್ನೆಟ್ಟಿನ ವೈರು ಕಿತ್ತರು. ತೆರೆಯ ನಡುವೆ ಒಂದು ಚಕ್ರ ತಿರುಗತೊಡಗಿತು. ತಿರುಗಿತು, ತಿರುಗಿತು...

"ಯಲಬುರ್ಗಾದಾಗ ದಿನಾ ಹಿಂಗ ಆಗತೈತ್ರಿ. ಗಿರಾಕಿ ಮುಂದ ನಿಂತಿರ್ತಾನ. ಏನ್ ಮಾಡೂಣು?" ಎಂದು ಅಕ್ಕೋರು ಕೇಳಿದರು. ಬಂದವರು ಆಫೀಸಿಗೆ ಕೇಳಿ ಹೇಳುತ್ತೇವೆ ಎಂದರು.

ನನ್ನ ಸರದಿಯಲ್ಲೂ ವೈರು ಕಿತ್ತರು, ಶಿಷ್ಯೆಯೆಂಬ ಕರುಣೆ ಏನೂ ಇಲ್ಲ. ನನ್ನ ನಮೂನೆ ಲಾರಿಯನ್ನು ಅದೇ ಕಂಪ್ಯೂಟರಿನಲ್ಲಿ ಬರೆದಿಟ್ಟುಕೊಂಡಿತು. ವೈರು ಮತ್ತೆ ಹಾಕಿದಾಗ ಕುಷ್ಟಗಿಗೆ ಕಳಿಸಿತು. ಗೋದಾಮಿನಿಂದ ಕಾಣುತ್ತಿದೆ ಎಂದು ಫೋನೂ ಬಂತು. ಆದರೆ ಲಾರಿಯವನಿಗೆ ಕೊಡುವ ಚೀಟಿ ಸೊಟ್ಟಗೆ ಪ್ರಿಂಟಾಯಿತು. "ಪಾಸ್. ಫಸ್ಟ್ ಕ್ಲಾಸ್ ಅಲ್ಲ ಮತ್ತ," ಎಂದರು ಅಕ್ಕೋರು.

ಕೊನೆಗೆ ಅವರದೇ ಪ್ರೋಗ್ರಾಂ. ವೈರು ಕಿತ್ತರೂ ಅದಕ್ಕೆ ಏನೂ ಆಗಲಿಲ್ಲ. ಅದಕ್ಕೆ ವೈರೇ ಬೇಕಿರಲಿಲ್ಲ. ಸಾಹುಕಾರರು ಗೆದ್ದೆವು ಎನ್ನುವಂತೆ ತೊಡೆ ತಟ್ಟಿದರು. ಅಕ್ಕೋರು ಕುಷ್ಟಗಿಗೆ ಫೋನು ಹಚ್ಚಿ ಅಲ್ಲಿ ಲಾರಿ ಕಾಣುತ್ತದೇನೆಂದು ಕೇಳಿದರು. ಇಲ್ಲ ಎಂದರು. ಅಕ್ಕೋರು ಫೋನಿಟ್ಟು ನಮ್ಮ ಕಡೆ ತಿರುಗಿ ನಕ್ಕರು.

"ನಂದೂ ಫೇಲ್ ಆತ್ರಿ."

ಸಾಹುಕಾರರು ತಾವೇ ಮುಂದಾಗಿ, ಅದೊಂದನ್ನು ಸೇರಿಸಿದರೆ ಆಯಿತಲ್ಲ ಎಂದು ಅವರ ಪರ ವಕಾಲತ್ತು ವಹಿಸಿದರು.

"ಸೇರಿಸಬಹುದ್ರಿ. ಆದ್ರ ಈ ಭಾಷಾ ಕಲಿಯಾಕ ಈಗ ಯಾರೂ ಬರವಲ್ರು. ನಾಳೆ ನಾ ಹಾಸಿಗಿ ಹಿಡದ್ರ ನಿಮ್ಮ ನಾಕೂ ಜಾಗಾ ಬಂದ್ ಬೀಳತಾವ. ಈ ಹುಡ್ಗಿ ಬರಿಯೂದನ್ನ ಬಲ್ಲವ್ರು ಊರಾಗ ಬೇಕಾದಷ್ಟ್ ಮಂದಿ ಅದಾರ. ಈಕಿ ಲಗ್ನ ಆಗಿ ಹೋದ್ರೂ ಇನ್ನೊಬ್ಬಾಕಿ ಸಿಗತಾಳ."

"ಮತ್ತ ನೀವು?" ಎಂದರು ಸಾಹುಕಾರರು.

"ನನಗ ಅದು ಬರೂದಿಲ್ರಿ. ಕಲೀತೀನಿ."

ಕೆಲಸ ನನಗೆ ಬಂತು. ಅಕ್ಕೋರ ಕೇಂದ್ರ ಆ ವರ್ಷವೇ ಮುಚ್ಚಿತು. ಬೋರ್ಡು ಇಳಿಸಿದ ದಿನ ನಾನು ಅತ್ತೆ. ಅವರು ಅಳಲಿಲ್ಲ, ಬೆಂಚು ಹೊರುವವರಿಗೆ ಮೆಟ್ಟಿಲು ನೋಡಿಕೊಳ್ಳಿ ಎಂದು ಹೇಳುತ್ತಿದ್ದರು. ಆಮೇಲೆ ಮಿಲ್ಲಿಗೆ ಬಂದು ನನ್ನ ಪಕ್ಕವೇ ಕೂತು ಜಾವಾಸ್ಕ್ರಿಪ್ಟ್ ಕಲಿತರು. ನಾನು ಬರೆದದ್ದನ್ನು ಕೆಡಿಸಿ ನೋಡುವುದು ಅವರ ಹೊಸ ಉದ್ಯೋಗವಾಯಿತು. ಅದರಲ್ಲಿ ಅವರಿಗಿದ್ದ ಖುಷಿ ನೋಡಬೇಕಿತ್ತು! ಸೊಟ್ಟ ಚೀಟಿ ನೆಟ್ಟಗಾಗುವವರೆಗೆ ನನಗೆ ಚಹಾ ಕುಡಿಯಲೂ ಬಿಡಲಿಲ್ಲ. ಯಲಬುರ್ಗಾದ ಅಂಗಡಿಯಲ್ಲಿ ಮೊದಲ ದಿನ ನೆಟ್ ಹೋದಾಗಲೂ ಮಾರಾಟ ನಿಲ್ಲಲಿಲ್ಲ. ಆ ಸುದ್ದಿ ಕೇಳಿ ಇಡೀ ಮಿಲ್ಲಿಗೆ ಮಿರ್ಚಿ ಭಜಿ ತರಿಸಿದವರು ಅವರೇ. ಕೆಲವು ವರ್ಷಗಳ ಮೇಲೆ ಕಾಯಿಲೆ ಬಿದ್ದರು, ಹೆಚ್ಚು ದಿನ ನರಳಲಿಲ್ಲ... ಅಷ್ಟೇ ಸಮಾಧಾನ.

ಈಗ ಸಾಹುಕಾರರ ಮಗ ಕಾರಭಾರ ನೋಡುತ್ತಾನೆ. ಬೀಜದ ವ್ಯಾಪಾರವನ್ನೂ ಸೇರಿಸಿಕೊಂಡಿದ್ದಾನೆ, ನನ್ನ ಅಪ್ಲಿಕೇಶನ್ನು ಏದುಸಿರು ಬಿಡುತ್ತಿದೆ. "ನಿಮ್ದನ್ನ ಮುಂದುವರಸ್ರಿ ಅಕ್ಕಾ, ಬ್ಯಾರೆ ಯಾಕ?" ಎನ್ನುತ್ತಾನೆ. ನನ್ನ ಕೈಕೆಳಗೆ ಕಲಿತ ಇಬ್ಬರು ಹುಡುಗಿಯರು ಬೇರೆಯದೇ ತಂತ್ರಜ್ಞಾನದಲ್ಲಿ ನಮೂನೆ ಮಾಡಿ ತಂದಿದ್ದಾರೆ. ಅದು ನನಗೆ ಅಷ್ಟಾಗಿ ಬರುವುದಿಲ್ಲ. ನಾಳೆ ಬೆಳಿಗ್ಗೆ ಮಿಲ್ಲಿನಲ್ಲಿ ಪರೀಕ್ಷೆ ಇಟ್ಟಿದ್ದೇನೆ. ಸಾಲಿನಲ್ಲಿ ನನ್ನದೂ ಇದೆ, ಬಹುಶಃ ಫೇಲಾಗುತ್ತದೆ. ಎಲ್ಲರ ಎದುರು ಹಾಗಂತ ಹೇಳಲು ನನಗೆ ಹೆದರಿಕೆಯಿಲ್ಲ. ಹೇಳುವಾಗ ಅಕ್ಕೋರು ಆ ಕೋಣೆಯಲ್ಲಿ ಇರುವುದಿಲ್ಲವಲ್ಲ, ಅದೊಂದನ್ನೇ ತಡೆದುಕೊಳ್ಳಲಾಗುತ್ತಿಲ್ಲ.